ಮಾವ ಕೊಟ್ಟ ಗರಗಸ

"ಹಲ್ಲು ಡಾಕ್ಟರ ಮನೆಯಲ್ಲಿ ಜಗಳ ಕೇಳಿಸುವ ತನಕ ಬೆಳಗಾಯಿತೆಂದು ನಂಬಬೇಡಿ" ಎಂದು ಓಣಿಯವರು ಹೇಳುತ್ತಿದ್ದರು. ಅವರು ನಿಜವಾದ ಡಾಕ್ಟರಲ್ಲ. ಬಡಗಿಗಳ ಮೊಂಡು ಗರಗಸಗಳಿಗೆ ಅರ ಹಾಕಿ ಹಲ್ಲು ಚೂಪು ಮಾಡಿಕೊಡುವ ಕಸುಬು ಅವರದು. ಒಮ್ಮೆ ಓಣಿಗೆ ಹೊಸಬರೊಬ್ಬರು ಊದಿದ ಕೆನ್ನೆ ಹಿಡಿದು ಬಂದು, ಬೆಂಚಿನ ಮೇಲೆ ಕೂತು ಬಾಯಿ ತೆರೆದಿದ್ದರು. ಡಾಕ್ಟರು ಅರ ಕೈಗೆತ್ತಿಕೊಂಡದ್ದನ್ನು ಕಂಡದ್ದೇ ತಡ, ನೋವು ತಾನಾಗಿ ವಾಸಿಯಾಯಿತಂತೆ.

ಜಗಳದ ಮೂಲ, ಗೋಡೆಯ ಮೊಳೆಗೆ ತೂಗುಹಾಕಿದ್ದ ಒಂದು ಹಳೇ ಕೈಗರಗಸ. ಡಾಕ್ಟರು ಅಂಗಡಿ ಇಟ್ಟ ದಿನ ಅವರ ಮಾವ ಅದನ್ನು ಕೈಗಿತ್ತು, "ಅಳಿಯಂದ್ರೇ, ಇದು ನಾನೇ ಮಾಡಿದ್ದು. ಹಿಡಿ ಮಾತ್ರ ಯಾವತ್ತೂ ಬಿಚ್ಚಬೇಡಿ" ಎಂದಿದ್ದರು. ಮಾವ ಬಡಗಿ, ಕೈಗಿಂತ ಬಾಯಿ ಉದ್ದ. ಊರಿನ ಅರ್ಧ ಬಾಗಿಲು ತಾನೇ ಮಾಡಿದ್ದು, ಉಳಿದರ್ಧ ತನ್ನನ್ನು ನೋಡಿ ಕಲಿತವರು ಮಾಡಿದ್ದು ಅನ್ನುವ ಆಸಾಮಿ. ಡಾಕ್ಟರು ಅಲಗನ್ನು ಬಗ್ಗಿಸಿ ಬಿಟ್ಟರೆ ಗಂಟೆಯ ಹಾಗೆ ಉಲಿಯಿತು. ಇಂಥ ಉಕ್ಕು ಮಾವನ ಹಿತ್ತಿಲಲ್ಲಿ ಹುಟ್ಟುವುದುಂಟೆ? ಯಾವುದೋ ಹಳೇ ಕಾರ್ಖಾನೆಯ ಮಾಲು ಎಂದು ಅಂದೇ ಹೆಂಡತಿಯ ಮುಂದೆ ಆಡಿಬಿಟ್ಟರು.

"ಹಾಗಾದ್ರೆ ನಮ್ಮಪ್ಪ ಸುಳ್ಳುಗಾರ?"

"ನಾನೆಲ್ಲಿ ಹಾಗಂದೆ? ಕಾರ್ಖಾನೆಯೋರು ನಿಜ ಹೇಳ್ತಾರೆ ಅಂದೆ."

ಕಾರ್ಖಾನೆಯವರು ಏನೂ ಹೇಳುವಂತಿರಲಿಲ್ಲ. ಕಾರಣ ಡಾಕ್ಟರೇ. ಹಳೇ ಗರಗಸಗಳ ಅಲಗಿನ ಮೇಲೆ ಮಾಡಿದವರ ಹೆಸರು ತೆಳ್ಳಗೆ, ನೆರಳಿನಂತೆ ಮೂಡಿರುತ್ತದೆ. ಅದನ್ನು ಹುಡುಕಲೆಂದು ಸೀಮೆಎಣ್ಣೆ, ಇಟ್ಟಿಗೆಪುಡಿ ಹಾಕಿ ತುಕ್ಕು ಉಜ್ಜಿದರು. ಮಸುಕಾಗಿ ಒಂದು ಅಕ್ಷರ ಕಂಡಿತು. ಹುರುಪೇರಿ ಇನ್ನಷ್ಟು ಉಜ್ಜಿದರು. ಅಲಗು ಕನ್ನಡಿಯಾಯಿತು, ಅಕ್ಷರ ಇಟ್ಟಿಗೆಪುಡಿಯ ಜೊತೆ ಹೋಯಿತು.

"ಸಿಕ್ಕಿದ್ರಾ ಮಾಡಿದೋರು?" ಎಂದು ಹೆಂಡತಿ ಅಲಗಿನಲ್ಲಿ ಗಂಡನ ಮುಖವನ್ನೇ ಬಗ್ಗಿ ನೋಡಿದರು. "ಇವರನ್ನ ಎಲ್ಲೋ ನೋಡಿದ ಹಾಗಿದೆ."

ಮಾವ ತೀರಿಕೊಂಡರು, ಜಗಳ ಉಳಿಯಿತು. ಅಪ್ಪನ ಮೇಲಿನ ಮಾತು ಸಹಿಸದೆ ಭಾಮೈದ ಈ ಮನೆಗೆ ಬರುವುದನ್ನೇ ಬಿಟ್ಟ. ಡಾಕ್ಟರು ಮುದುಕರಾಗಿ ಎದೆಯ ಮಾತ್ರೆ ನುಂಗತೊಡಗಿದರು. ಹೀಗಿರುವಾಗ ಒಂದು ದಿನ ಹೆಂಡತಿ ಕಾಳು ಆರಿಸುತ್ತ, ಜಗಳದ ದನಿಯಲ್ಲಲ್ಲ, ಮೆಲ್ಲಗೆ ಹೇಳಿದರು: "ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ, ನಿಮ್ಮಪ್ಪ ಸುಳ್ಳು ಹೇಳ್ಲಿಲ್ಲ ಕಣೇ ಅಂದ್ಬಿಡಿ. ಸುಳ್ಳಿಗಾದ್ರೂ ಅನ್ನಿ."

ಬೈದಿದ್ದರೆ ಡಾಕ್ಟರು ತಡೆದುಕೊಳ್ಳುತ್ತಿದ್ದರು. ಆ ಮೆಲುದನಿ ಕೂರಗೊಡಲಿಲ್ಲ. ಮರುದಿನವೇ ಗರಗಸ ಇಳಿಸಿ, ಹಿಡಿಯ ಹಿತ್ತಾಳೆ ತಿರುಪುಗಳಿಗೆ ಎಣ್ಣೆ ಬಿಟ್ಟರು.

"ಅಪ್ಪ ಬಿಚ್ಚಬೇಡಿ ಅಂದಿದ್ರು."

"ಅದಕ್ಕೇ ಬಿಚ್ತಿರೋದು."

ಹಿಡಿ ಕಳಚಿತು. ಮರ ಮುಚ್ಚಿದ್ದ ಜಾಗಕ್ಕೆ ಇಟ್ಟಿಗೆಪುಡಿ ತಲುಪಿರಲಿಲ್ಲ. ಅಲ್ಲಿ ಉಕ್ಕಿನಲ್ಲಿ ಒತ್ತಿದ ಒಂದು ಕೊಕ್ಕರೆ, ಅದರ ಕೆಳಗೆ ಕಾರ್ಖಾನೆಯ ಹೆಸರು. ಅರ ಹಾಕಲು ಬಂದ ಎಷ್ಟೋ ಹಳೇ ಗರಗಸಗಳ ಮೇಲೆ ಡಾಕ್ಟರು ಇದೇ ಕೊಕ್ಕರೆಯನ್ನು ಕಂಡಿದ್ದರು. ಕೂತಲ್ಲೇ ಕುಣಿದರು.

"ಬಾರೇ ಇಲ್ಲಿ! ನೋಡು ನಿಮ್ಮಪ್ಪನ ಕೈಚಳಕ! ಕೊಕ್ಕರೆ!"

ಹೆಂಡತಿ ಕನ್ನಡಕ ಏರಿಸಿ ನೋಡಿದರು. "ಸರಿ, ಗೆದ್ರಿ" ಎಂದು ಒಳಗೆ ಹೋದರು. ಅಡುಗೆಮನೆಯಲ್ಲಿ ಆರಿಸಿಟ್ಟ ಕಾಳನ್ನೇ ಮತ್ತೆ ಆರಿಸತೊಡಗಿದರು.

ಡಾಕ್ಟರು ಗೆದ್ದ ಸಡಗರದಲ್ಲಿ ಹಿಡಿಯ ಒಳಮೈ ಒರೆಸತೊಡಗಿದರು. ಬೆರಳು ನಿಂತಿತು. ಕಾರ್ಖಾನೆಯ ಹಿಡಿಯ ಒಳಮೈ ನುಣುಪಾಗಿರುತ್ತದೆ. ಇಲ್ಲಿ ಉಳಿಯ ಗೀರುಗಳಿದ್ದವು, ಅವೂ ಎಲ್ಲ ಬಡಗಿಗಳ ಗೀರಿಗೆ ಎದುರು ದಿಕ್ಕಿಗೆ ವಾಲಿದ್ದವು. ಎಡಗೈಯವರ ಕೆಲಸ. ಅವರು ಕಂಡ ಬಡಗಿಗಳಲ್ಲಿ ಎಡಚರೆಂದರೆ ಮಾವ ಒಬ್ಬರೇ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಬೇರೆ ಯಾರು ಎತ್ತಿಕೊಂಡರೂ ಬೆರಳು ತೂರದೆ ಗೊಣಗುವಂತೆ ಮಾಡುತ್ತಿದ್ದ ಆ ಹಿಡಿ ಡಾಕ್ಟರ ಪುಟ್ಟ ಬಲಗೈಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತಿತ್ತು. ಎಲ್ಲೋ ಸಿಕ್ಕ ಹಳೇ ಅಲಗಿಗೆ ಮಾವ, ಅಳಿಯನ ಕೈಯನ್ನು ಕದ್ದು ನೋಡಿ ಹಿಡಿ ಕಡೆದಿದ್ದರು. ಆಮೇಲೆ ಕೊಕ್ಕರೆಯನ್ನು ಅದರಡಿ ಬಚ್ಚಿಟ್ಟು ಇಡೀ ಗರಗಸವನ್ನೇ ತನ್ನದು ಮಾಡಿಕೊಂಡಿದ್ದರು.

ಹೆಂಡತಿಗೆ ಉಳಿಯ ಗೀರು ಗುರುತಿಸಲು ಬಾರದು. ತಿರುಪು ಬಿಗಿದುಬಿಟ್ಟರೆ ಗೆಲುವು ಗೆಲುವಾಗಿಯೇ ಉಳಿಯುತ್ತದೆ. ಡಾಕ್ಟರು ತಿರುಪನ್ನು ಕೈಗೆತ್ತಿಕೊಂಡರು. ಕೆಳಗಿಟ್ಟರು. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ಇವಳೇ, ನಿಮ್ಮಪ್ಪ ಹೇಳಿದ್ದು ಅರ್ಧ ಸುಳ್ಳು."

"ಉಳಿದರ್ಧ?"

"ನನ್ನ ಕೈಯಲ್ಲೇ ಇತ್ತು ಕಣೇ, ಇಷ್ಟು ವರ್ಷ."

ಗೀರುಗಳನ್ನು ತೋರಿಸಿ ಎಲ್ಲ ಹೇಳಿದರು. ಹೆಂಡತಿ ಧೂಳಿಲ್ಲದ ಹಿಡಿಯನ್ನು ಬಹಳ ಹೊತ್ತು ಒರೆಸಿದರು. ಆಮೇಲೆ, "ನಂಗೆ ಹೇಳಿದ್ದು ಸಾಲ್ದು. ನಮ್ಮ ತಮ್ಮನ ಮುಂದೂ ಹೇಳ್ಬೇಕು" ಎಂದರು.

"ಅವನು ನಗ್ತಾನೆ."

"ನಗ್ಲಿ ಬಿಡಿ, ಅಪರೂಪಕ್ಕೆ."

"ನೀನೂ ಬಾ ಮತ್ತೆ."

"ಬಂದ್ರೆ ನಿಮ್ಮ ಪರ ಮಾತಾಡ್ಬೇಕಾಗುತ್ತೆ. ನೀವೇ ಹೋಗಿ."

ಭಾಮೈದ ಅಂದು ನಕ್ಕನಂತೆ, ಅತ್ತನಂತೆ, ಭಾವನಿಗೆ ಒತ್ತಾಯ ಮಾಡಿ ಬಡಿಸಿದನಂತೆ. ಉಂಡು ಆರಾಮಕುರ್ಚಿಯಲ್ಲಿ ಒರಗಿದ ಡಾಕ್ಟರು ಮತ್ತೆ ಏಳಲಿಲ್ಲ. ಇದೆಲ್ಲ ಓಣಿಗೆ ಆಮೇಲೆ ತಿಳಿದದ್ದು. ಓಣಿಯವರು ಕಣ್ಣಾರೆ ಕಂಡದ್ದು, ಅಲಗನ್ನು ಕಂಕುಳಲ್ಲಿಟ್ಟು, ಹಿಡಿಯನ್ನು ಜೇಬಿಗೆ ತುರುಕಿಕೊಂಡು ಡಾಕ್ಟರು ಅಂದು ಮನೆಯ ಮೆಟ್ಟಿಲಿಳಿದದ್ದನ್ನು.

"ಏನ್ ಡಾಕ್ಟ್ರೇ, ಇಷ್ಟು ಅವಸರದಲ್ಲಿ?" ಎಂದಳು ಎದುರುಮನೆಯಾಕೆ.

"ಗೆದ್ದು ಸೋತಿದ್ದೀನಮ್ಮ. ಹೇಳಿ ಬರ್ತೀನಿ."

ಹಿಂದಿನಿಂದ ಹೆಂಡತಿ ಕೂಗಿದರು: "ಮೊದಲು ಹಿಡಿ ತೋರ್ಸಿ! ಕೊಕ್ಕರೆ ಆಮೇಲೆ!"

ಡಾಕ್ಟರು ತಿರುಗಿ ನೋಡಲಿಲ್ಲ. ಆಯಿತು ಮಾರಾಯ್ತಿ ಎಂಬಂತೆ ಕೈಯೆತ್ತಿ ಆಡಿಸುತ್ತ ನಡೆದರು.