ಹತ್ತನೇ ಚಾಕ್‌ಪೀಸ್

ನಾನು ಏಳನೇ ತರಗತಿ ಮುಗಿಸಿದ ಬೇಸಿಗೆ ರಜೆಯ ಮೂರನೇ ಭಾನುವಾರ, ಬೆಳಗ್ಗೆ ಹತ್ತೂವರೆಯ ಹೊತ್ತಿಗೆ, ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಒಂದು ಹಿತ್ತಲಲ್ಲಿ ನಾನು ಹಾರಿಸಿದ ಏರ್ ಪಿಸ್ತೂಲಿನ ಗುಂಡು ಸೆಲ್ವಿ ಎಂಬ ಹುಡುಗಿಯ ಬಲಗೈ ತೋರುಬೆರಳಿಗೆ ಹೊಕ್ಕಿತು. ನನಗೆ ಹನ್ನೆರಡು ವರ್ಷ, ಅವಳಿಗೆ ಹನ್ನೊಂದು.

ಆ ದಿನಗಳಲ್ಲಿ ನಮಗೆ ರಜೆ ಎಂದರೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವುದು. ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಊರು ಹತ್ತಿರವಾದಂತೆ ಕಾಗದ ಕಾರ್ಖಾನೆಯ ಕೊಳೆತ ಎಲೆಕೋಸಿನಂಥ ವಾಸನೆ ಬರುತ್ತಿತ್ತು. ದೊಡ್ಡವರು ಮೂಗಿಗೆ ಸೆರಗು, ಕರವಸ್ತ್ರ ಹಿಡಿಯುತ್ತಿದ್ದರು. ನನಗೆ ಅದೇ ರಜೆಯ ವಾಸನೆ. ಅಲ್ಲಿ ಎಲ್ಲರೂ ಸೈರನ್ನಿಗೆ ಏಳುತ್ತಿದ್ದರು, ಸೈರನ್ನಿಗೆ ಉಣ್ಣುತ್ತಿದ್ದರು. ತಾರಸಿಯ ಮೇಲೆ ದೊಡ್ಡಮ್ಮ ಹರಡಿದ ಸಂಡಿಗೆಯನ್ನು ಅರ್ಧ ಒಣಗಿದಾಗಲೇ ಕದ್ದು ತಿನ್ನಬೇಕು. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ಹಲ್ಲಿಗೆ ಅಂಟಿಕೊಳ್ಳುತ್ತಿತ್ತು.

ದೊಡ್ಡಪ್ಪ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಫೋರ್‌ಮನ್. ಅವರ ಬಳಿ ಒಂದು ಹಳೆಯ ಸ್ಪ್ರಿಂಗ್ ಪಿಸ್ತೂಲಿತ್ತು. ಅವರು ಕೆಲಸಕ್ಕೆ ಸೇರುವ ಮೊದಲೇ ಯಾರೋ ಜರ್ಮನ್ ಇಂಜಿನಿಯರ್ ಬಿಟ್ಟುಹೋದದ್ದಂತೆ. ನಳಿಗೆಯನ್ನು ಕೆಳಕ್ಕೆ ಮಡಚಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಸೀಸದ ಚಿಕ್ಕ ಗುಂಡೊಂದನ್ನು ಇಟ್ಟು ನಳಿಗೆ ಮುಚ್ಚಬೇಕು. ಸ್ಪ್ರಿಂಗು ಸೋತಾಗ ದೊಡ್ಡಪ್ಪ ತಾವೇ ಹೊಸದು ಸುತ್ತಿದ್ದರು, ಚರ್ಮದ ವಾಷರನ್ನು ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಕೂರಿಸಿದ್ದರು. ಹೊಡೆದ ಮೇಲೆ ನಳಿಗೆಯ ತುದಿಯಲ್ಲಿ ಸುಟ್ಟ ಎಣ್ಣೆಯ ವಾಸನೆ ಉಳಿಯುತ್ತಿತ್ತು. ನಾನು, ದೊಡ್ಡಪ್ಪನ ಮಗ ಪ್ರಕಾಶ ಸರದಿಯಲ್ಲಿ ಅದನ್ನು ಮೂಸುತ್ತಿದ್ದೆವು.

ಸಂಜೆ ಅವರು ನಮ್ಮಿಬ್ಬರಿಗೂ ಹೊಡೆಯಲು ಕಲಿಸುತ್ತಿದ್ದರು. ಗುರಿ ಗೋಡೆಗೆ ಅಂಟಿಸಿದ ಕಾಗದ, ಅಷ್ಟೇ. ಮೊದಲ ದಿನ ನಾನು ಹಿಡಿಯನ್ನು ಅಮುಕಿ ಹಿಡಿದಿದ್ದೆ. ಐದು ಗುಂಡು ಐದು ಕಡೆ ಹೋದವು.

"ಹಪ್ಪಳ ಹಿಡಿದ ಹಾಗೆ ಹಿಡಿ," ಎಂದರು ದೊಡ್ಡಪ್ಪ. "ಮುರೀಬಾರ್ದು, ಬೀಳಲೂಬಾರ್ದು. ಗುಂಡು ಹೊರಗೆ ಹೋಗೋ ಮೊದಲೇ ಇದು ಒಳಗೇ ಹಿಂದಕ್ಕೊಂದು ಸಲ, ಮುಂದಕ್ಕೊಂದು ಸಲ ಕುಣಿಯುತ್ತೆ. ತಡೀಬೇಡ. ಪ್ರತಿ ಸಲ ಒಂದೇ ಥರ ಕುಣಿದ್ರೆ ಸಾಕು, ಒಂದೇ ಕಡೆ ಬೀಳುತ್ತೆ."

ಗುಂಡು ಹಾರಿದ ಮೇಲೂ ಎರಡು ಎಣಿಸುವ ತನಕ ಗುರಿಯಿಂದ ಕಣ್ಣು ತೆಗೆಯಬಾರದು ಎಂದರು. ಗೋಡೆ, ಕಲ್ಲು, ಮೇಜು, ಯಾವುದೇ ಗಟ್ಟಿ ವಸ್ತುವಿನ ಮೇಲಿಟ್ಟು ಹೊಡೆಯಬಾರದು, ನೆಗೆಯುತ್ತದೆ ಎಂದರು. ಆ ಕೊನೆಯ ಮಾತನ್ನು ಪ್ರಕಾಶನೂ ನಾನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಹಿತ್ತಲ ಗೋಡೆಯಾಚೆ ನಿಂತಿದ್ದ ಸೆಲ್ವಿ ಕೇಳಿಸಿಕೊಂಡಿದ್ದಳು.

ಸೆಲ್ವಿಯ ಅಪ್ಪ ಅದೇ ಮೆಷಿನ್ ಶಾಪಿನಲ್ಲಿ ದೊಡ್ಡಪ್ಪನ ಕೈಕೆಳಗೆ ಹೆಲ್ಪರ್. ಮನೆಯಲ್ಲಿ ತಮಿಳು, ನಮ್ಮ ಜೊತೆ ಕನ್ನಡ. ಅವಳಿಗೆ ಒಂದೇ ಆಸೆ: ಪಿಸ್ತೂಲನ್ನು ಒಂದು ಸಲ ಹೊಡೆಯಬೇಕು. ದೊಡ್ಡಪ್ಪನನ್ನು ಕೇಳುವ ಧೈರ್ಯ ಇರಲಿಲ್ಲ, ನಮ್ಮನ್ನು ಕೇಳಿದಳು. ದೊಡ್ಡಪ್ಪ ಫಸ್ಟ್ ಶಿಫ್ಟಿಗೆ ಹೋದ ದಿನಗಳಲ್ಲಿ ನಾವು ಬೀರುವಿನಿಂದ ಪಿಸ್ತೂಲು ತೆಗೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು.

ಪ್ರಕಾಶನಿಗೆ ಹದಿನಾಲ್ಕು. ನಿಯಮ ಮಾಡಿದ್ದು ಅವನು. ಸೆಲ್ವಿ ಗೋಡೆಯ ಮುಂದೆ ನಿಂತು, ಬಲಗೈಯನ್ನು ಪಕ್ಕಕ್ಕೆ ಚಾಚಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಾಕ್‌ಪೀಸನ್ನು ಕೆಳಮುಖವಾಗಿ ಹಿಡಿಯಬೇಕು. ನಾವು ಎಂಟು ಹೆಜ್ಜೆ ದೂರದಿಂದ ಹೊಡೆಯುತ್ತೇವೆ. ಹತ್ತು ಚಾಕ್‌ಪೀಸ್ ಒಡೆದರೆ ಅವಳಿಗೆ ಒಂದು ಗುಂಡು. ತಪ್ಪಿದ್ದು ಎಣಿಕೆಗಿಲ್ಲ. ಕೈ ಅಲುಗಿಸಿದರೆ ಮತ್ತೆ ಒಂದರಿಂದ ಶುರು.

ಅವಳು ಕೈ ಅಲುಗಿಸುತ್ತಿರಲಿಲ್ಲ. ಎರಡು ಸಲ, ನಾಲ್ಕಾದಾಗ ಮತ್ತು ಆರಾದಾಗ, ಅಲುಗಿತು ಎಂದು ನಾವು ಸುಳ್ಳು ಹೇಳಿ ಲೆಕ್ಕ ಅಳಿಸಿದೆವು. ಅವಳು ಮತ್ತೆ ಒಂದನೆಯದನ್ನು ಎತ್ತಿಕೊಂಡಳು. ನಾವು ತಪ್ಪಿದಷ್ಟೂ ಅವಳ ಸರದಿ ದೂರ ಹೋಗುತ್ತಿದ್ದುದರಿಂದ, ಎದುರಿಗೆ ನಿಂತೇ ನಮಗೆ ಹೇಳಿಕೊಡತೊಡಗಿದಳು.

"ರಘಣ್ಣ, ಬಿಗಿ ಹಿಡಿದಿದೀಯ. ಬೆರಳ ಗಂಟು ಬೆಳ್ಳಗಾಗಿದೆ ನೋಡು."

ನಾನು ಸಡಿಲ ಬಿಡುತ್ತಿದ್ದೆ. ಚಾಕ್‌ಪೀಸ್ ಒಡೆಯುತ್ತಿತ್ತು. ಬಿಳಿ ಪುಡಿ ಅವಳ ಕೆನ್ನೆಗೆ ಹಾರುತ್ತಿತ್ತು. ಚೂರು ತಾಗಿ ಬೆರಳು ಕೆಂಪಾಗುತ್ತಿತ್ತು. ಅವಳು ಬೆರಳನ್ನು ಒಂದು ಸಲ ಬಾಯಲ್ಲಿಟ್ಟುಕೊಂಡು ಮುಂದಿನದನ್ನು ಎತ್ತಿಕೊಳ್ಳುತ್ತಿದ್ದಳು. ಆ ಬೇಸಿಗೆ ನನ್ನ ಗುರಿ ಸುಧಾರಿಸಿದ್ದು ದೊಡ್ಡಪ್ಪನ ಕಾಗದದಿಂದಲ್ಲ.

ಆ ಭಾನುವಾರ ಲೆಕ್ಕ ಒಂಬತ್ತಕ್ಕೆ ಬಂದಿತ್ತು. ದೊಡ್ಡಪ್ಪ ಶಿಫ್ಟಿನಲ್ಲಿ, ದೊಡ್ಡಮ್ಮ ಹಪ್ಪಳ ಒತ್ತಲು ಪಕ್ಕದ ಬೀದಿಯಲ್ಲಿ. ಸರದಿ ನನ್ನದು. ಪ್ರಕಾಶ ನನ್ನ ಕಿವಿಯ ಹತ್ತಿರ ಬಂದ.

"ಇದನ್ನ ತಪ್ಪಿಸು ಮಾರಾಯ. ಅವಳು ಒಂದೇ ಏಟಿಗೆ ಹೊಡೆದುಬಿಟ್ರೆ ನಮ್ಮ ಮುಖ ಏನಾಗುತ್ತೆ? ಹೆಲ್ಪರ್ ಮಗಳು."

ನಾನು ಒಪ್ಪಿದೆ. ಚಾಕ್‌ಪೀಸಿನ ತುದಿಯಿಂದ ಎರಡು ಬೆರಳಷ್ಟು ಕೆಳಗೆ ಹೊಡೆಯುವುದು ಎಂದು ತೀರ್ಮಾನಿಸಿದೆ. ಕೈ ನಡುಗಿ ಎಲ್ಲಾದರೂ ಒಡೆದುಬಿಟ್ಟರೆ ಕಷ್ಟ. ಅದಕ್ಕೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಮಂಡಿಯೂರಿ, ಪಿಸ್ತೂಲನ್ನು ಕಲ್ಲಿನ ಅಂಚಿಗೆ ಒತ್ತಿ ಇಟ್ಟೆ.

"ಕಲ್ಲಿನ ಮೇಲೆ ಬೇಡ ರಘಣ್ಣ. ನೆಗೆಯುತ್ತೆ ಅಂತ ಮಾಮ ಹೇಳಿದ್ರಲ್ಲ," ಎಂದಳು ಸೆಲ್ವಿ.

"ನೀನು ಸುಮ್ನೆ ನಿಂತ್ಕೋ," ಎಂದೆ.

ಅವಳು ಸುಮ್ಮನೆ ನಿಂತಳು. ಪಿಸ್ತೂಲು ಕಲ್ಲಿನಿಂದ ಮೇಲಕ್ಕೆ ಚಿಮ್ಮಿತು. ಚಾಕ್‌ಪೀಸ್ ಇಡಿಯಾಗಿ ನೆಲಕ್ಕೆ ಬಿತ್ತು. ಸೆಲ್ವಿ ಕೈಯನ್ನು ಲಂಗದಲ್ಲಿ ಸುತ್ತಿಕೊಂಡು ಕೂತಳು. ಕೂಗಲಿಲ್ಲ. ಕೂಗಿದರೆ ಜನ ಬರುತ್ತಾರೆ, ಪಿಸ್ತೂಲು ಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಸೈಕಲ್ ಚೈನಿಗೆ ಬೆರಳು ಸಿಕ್ಕಿತು ಎಂದು ಹೇಳು ಎಂದ ಪ್ರಕಾಶ. ಹೇಳಿದರೆ ಹತ್ತನೆಯದು ಆಯಿತು ಎಂದು ಲೆಕ್ಕ ಎಂದೂ ಸೇರಿಸಿದ. ನಾನು ಸೈಕಲ್ಲಿನ ಚೈನಿನಿಂದ ಗ್ರೀಸ್ ತೆಗೆದು ಅವಳ ಬೆರಳಿಗೆ ಗಾಯದ ಸುತ್ತ ಸವರಿದೆ.

ಅವಳು ಹಾಗೆಯೇ ಹೇಳಿದಳು: ಅಮ್ಮನಿಗೆ, ಅಪ್ಪನಿಗೆ, ಬ್ಯಾಂಡೇಜ್ ಕಟ್ಟಿದ ಕಾಂಪೌಂಡರ್‌ಗೆ. ಒಳಗೆ ಸೀಸದ ಗುಂಡು ಇದೆಯೇ ಎಂದು ನೋಡುವ ಕಾರಣ ಯಾರಿಗೂ ಇರಲಿಲ್ಲ. ನಾಲ್ಕನೇ ದಿನ ಬ್ಯಾಂಡೇಜಿನಲ್ಲೇ ಬಂದು ಎಡಗೈಯಲ್ಲಿ ಹೊಡೆಯುತ್ತೇನೆ ಎಂದಳು. ಕೈ ವಾಸಿಯಾಗಲಿ ಎಂದೆವು. ಬ್ಯಾಂಡೇಜಿನಿಂದ ಆಗಲೇ ವಾಸನೆ ಬರುತ್ತಿತ್ತು. ಒಂಬತ್ತನೇ ದಿನ ಜ್ವರ ಏರಿ ಅವಳನ್ನು ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ದರು. ಎಕ್ಸ್‌ರೇಯಲ್ಲಿ ಗುಂಡು ಕಂಡಿತು. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ತೆಗೆದರು.

ಅವಳು ಆಸ್ಪತ್ರೆಯಿಂದ ಬಂದ ದಿನ ದೊಡ್ಡಪ್ಪ ನಮ್ಮಿಬ್ಬರನ್ನೂ ಸೆಲ್ವಿಯ ಮನೆಗೆ ಎಳೆದೊಯ್ದರು. ಸೆಲ್ವಿಯ ಅಪ್ಪ ಎದ್ದು ನಿಂತು ಕುರ್ಚಿ ಒರೆಸಿದರು. "ಮಕ್ಕಳಾಟ ಸಾರ್, ಬಿಡಿ," ಎಂದರು. ಆಮೇಲೆ, ಸುಳ್ಳು ಹೇಳಿದ್ದಕ್ಕೆ, ನಮ್ಮ ಎದುರಿಗೇ ಮಗಳಿಗೆ ಬೆಲ್ಟಿನಲ್ಲಿ ಹೊಡೆದರು. ಅವಳು ಕಟ್ಟಿದ ಕೈಯನ್ನು ಮೇಲಕ್ಕೆತ್ತಿ ಹಿಡಿದುಕೊಂಡಿದ್ದಳು. ದೊಡ್ಡಪ್ಪ ಮನೆಗೆ ಬಂದು ಪಿಸ್ತೂಲನ್ನು ಕಬ್ಬಿಣ ಹಿಡಿಯುವ ವೈಸಿಗೆ ಸಿಕ್ಕಿಸಿ ಗರಗಸದಿಂದ ಮೂರು ತುಂಡು ಮಾಡಿದರು. ಸೆಲ್ವಿಗೆ ಅದರಿಂದ ಒಂದು ಗುಂಡೂ ಹೊಡೆಯಲು ಸಿಗಲಿಲ್ಲ. ಮರುದಿನದ ಬಸ್ಸಿನಲ್ಲಿ ನಾನು ಶಿವಮೊಗ್ಗಕ್ಕೆ ಬಂದೆ. ಮತ್ತೆ ಯಾವ ರಜೆಗೂ ಅಲ್ಲಿಗೆ ಕಳಿಸಲಿಲ್ಲ.

ಆ ಕ್ವಾರ್ಟರ್ಸಿನ ಸಾಲಿನಲ್ಲಿ ಈಗ ಹೆಚ್ಚಿನ ಮನೆಗಳಿಗೆ ಬಾಗಿಲಿಲ್ಲ. ದೊಡ್ಡಪ್ಪ ತೀರಿಕೊಂಡರು. ಪ್ರಕಾಶನಿಗೆ ಈ ವಿಷಯ ಎತ್ತಿದರೆ ನೆನಪಿಲ್ಲ ಎನ್ನುತ್ತಾನೆ.

ಈ ಸಲದ ಜೂನ್ ಮೊದಲ ವಾರ, ಮಗಳ ಯೂನಿಫಾರಂ ಹೊಲಿಸಲು ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಟೈಲರ್ ಅಂಗಡಿಗೆ ಹೋದೆ. ಅಳತೆ ಟೇಪು ಹಿಡಿದಿದ್ದ ಕೈ ನೋಡಿ ಗುರುತಿಸಿದೆ. ಅವಳು ನನ್ನನ್ನು ಮಾತಿನಿಂದ ಗುರುತಿಸಿದಳು. ಸ್ಟೂಲು ಹಾಕಿದಳು, ಚಹಾ ತರಿಸಿದಳು. ಮಗಳು ಬೆರಳನ್ನೇ ನೋಡುತ್ತಿದ್ದದ್ದು ಕಂಡು ನಕ್ಕಳು.

"ನಿಮ್ಮಪ್ಪನೇ ಮಾಡಿದ್ದು ಪುಟ್ಟಿ ಇದು. ಆದ್ರೆ ಪಾಪ, ಅವನ ತಪ್ಪಿಲ್ಲ. ನನಗೊಂದು ಸರದಿ ಸಿಗಲಿ, ಗುರಿ ತಪ್ಪಬಾರ್ದು ಅಂತ ಕಲ್ಲಿನ ಮೇಲಿಟ್ಟು ಹೊಡೆದ. ಪ್ರಕಾಶಣ್ಣ ಆಗಿದ್ರೆ ಅಷ್ಟು ಕಷ್ಟಪಡ್ತಿರಲಿಲ್ಲ. ನನ್ನ ಮಕ್ಕಳಿಗೂ ಹಾಗೇ ಹೇಳಿದೀನಿ."

ಮಗಳನ್ನು ಪಕ್ಕದ ಅಂಗಡಿಗೆ ಪೆನ್ಸಿಲ್ ತರಲು ಕಳಿಸಿ, ಪ್ರಕಾಶ ಕಿವಿಯಲ್ಲಿ ಹೇಳಿದ್ದನ್ನು, ನಾನು ಒಪ್ಪಿದ್ದನ್ನು, ಎಲ್ಲಿಗೆ ಗುರಿ ಇಟ್ಟಿದ್ದೆ ಎಂಬುದನ್ನು ಹೇಳಿದೆ.

ಸೆಲ್ವಿ ಟೇಪನ್ನು ಸುತ್ತಿದಳು. "ಅಂದ್ರೆ ಕೊಡಲೇಬಾರ್ದು ಅಂತಾನೇ ಇತ್ತಾ?"

"ಹೌದು," ಎಂದೆ.

ಅವಳು ಬಟ್ಟೆಯನ್ನು ಮಡಚಿ ಕವರಿಗೆ ಹಾಕಿ ಕೌಂಟರಿನ ಮೇಲಿಟ್ಟಳು. "ಬೇರೆ ಕಡೆ ಕೊಡಿ ಸಾರ್. ನಮ್ಮಲ್ಲಿ ಈಗ ಕೆಲಸ ಜಾಸ್ತಿ ಇದೆ."

ಯೂನಿಫಾರಮನ್ನು ಅದೇ ರಸ್ತೆಯ ಇನ್ನೊಂದು ಅಂಗಡಿಯಲ್ಲಿ ಹೊಲಿಸಿದೆವು. ಸೆಲ್ವಿಯ ಅಂಗಡಿಯ ಬೋರ್ಡಿನಲ್ಲಿದ್ದ ನಂಬರಿಗೆ ಆಮೇಲೆ ಎರಡು ಸಲ ಫೋನ್ ಮಾಡಿದ್ದೇನೆ. ಎರಡನೇ ಸಲ ಸೆಲ್ವಿಯ ಮಗ ಎತ್ತಿದ. ನನ್ನ ಹೆಸರು ಕೇಳಿ, ಅಮ್ಮ ಇಲ್ಲ ಎಂದು ಹೇಳು ಅಂದಿದ್ದಾಳೆ ಎಂದ.