ಕೈ ಊರದೆ ಇಳಿದ ದ್ವೀಪ

ಹಡಗು ದ್ವೀಪದಿಂದ ದೂರವೇ ನಿಂತಿತು. ಸಂಜೆಯವರೆಗೆ ಸುತ್ತಾಡಬಹುದು, ಆದರೆ ದಡಕ್ಕೆ ಸಣ್ಣ ದೋಣಿಯಲ್ಲೇ ಹೋಗಬೇಕು. ದೋಣಿಗೆ ಇಳಿಯುವ ಮೆಟ್ಟಿಲ ಬಳಿ ಸಾಲಿನಲ್ಲಿ ನಿಂತಿದ್ದೆ; ಮಂಗಳೂರು ಕಡೆಯ ಸಿಬ್ಬಂದಿಯೊಬ್ಬ ನನ್ನ ನರೆಗೂದಲು ನೋಡಿ ತಡೆದ.

"ದೋಣಿ ತುಂಬಾ ಅಲ್ಲಾಡ್ತದೆ ಅಮ್ಮ. ನಿಮಗೆ ಇಳೀಲಿಕ್ಕೆ ಕಷ್ಟ."

"ದ್ವೀಪ ಇಲ್ಲಿಂದ್ಲೇ ಕಾಣ್ಸುತ್ತಲ್ಲೇ, ಬಾ," ಎಂದರು ನಮ್ಮ ಯಜಮಾನರು, ಕುರ್ಚಿಯಿಂದ ಏಳದೆ.

ಬಸವನಗುಡಿಯ ಮನೆಯಲ್ಲಿ ನಾನು ಇಂದಿಗೂ ನೆಲದ ಮೇಲೆ ಕುಳಿತೇ ಊಟ ಮಾಡುವವಳು. ಅಲ್ಲೇ ಡೆಕ್ಕಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಕೈ ಊರದೆ ಎದ್ದೆ.

"ಈಗ ನೀನು ಕೂತು ಏಳಪ್ಪ, ನೋಡೋಣ."

ಏಳುವಾಗ ಅವನು ಎರಡೂ ಕೈ ಊರಿದ. ಸಾಲಿನವರು ನಕ್ಕರು, ಅವನೂ ನಕ್ಕು ದಾರಿ ಬಿಟ್ಟ.

ದೋಣಿಗೆ ಇಳಿಯುವಾಗ ಆಸರೆಗೆಂದು ಕೈ ಚಾಚಿದ. ಆ ಕೈಗೆ ನನ್ನ ಚೀಲ ಕೊಟ್ಟು ಇಳಿದೆ.