ಲಿಫ್ಟಣ್ಣನ ಒಂದೇ ಸಾಲಿನ ಹಾಡು

ನಮ್ಮ ಬೀದಿಯಲ್ಲಿ ನನ್ನಣ್ಣನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಾರೆ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟು ಕೆಟ್ಟು ನಿಂತರೆ ರಿಪೇರಿ ಮಾಡುವುದು ಅವನ ಕೆಲಸ. ತಮಾಷೆ ಏನೆಂದರೆ ನಾವಿರುವ ಕಟ್ಟಡಕ್ಕೆ ಲಿಫ್ಟೇ ಇಲ್ಲ. ಕೆಳಗೆ ತಂಗಿಯಾದ ನನ್ನ ಕಟಿಂಗ್ ಅಂಗಡಿ, ಅದರ ಹಿಂದೆ ನನ್ನ ಎರಡು ಕೋಣೆ, ಮೇಲಿನ ಮಹಡಿಯಲ್ಲಿ ಅಣ್ಣ ಅತ್ತಿಗೆ. ದಿನವಿಡೀ ಊರಿನವರನ್ನು ಕಾಲು ನೋಯಿಸದೆ ಮೇಲೆ ಕೆಳಗೆ ಓಡಾಡಿಸುವ ಮನುಷ್ಯ, ಸಂಜೆ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ತನ್ನ ಮನೆ ಸೇರುತ್ತಾನೆ.

ಕೆಲಸದಲ್ಲಿ ಅವನು ಎತ್ತಿದ ಕೈ. ಆದರೆ ಆತುರ ಎಂಬುದು ಅವನ ಹತ್ತಿರ ಸುಳಿಯುವುದಿಲ್ಲ. ರಿಪೇರಿ ಮುಗಿದ ಮೇಲೆ ಲಿಫ್ಟಿನೊಳಗೆ ಕಬ್ಬಿಣದ ತೂಕದ ಕಲ್ಲುಗಳನ್ನು ಜೋಡಿಸಿಟ್ಟು, ಜನ ಹತ್ತಿದರೆ ಎಷ್ಟು ಭಾರವೋ ಅಷ್ಟು ಭಾರ ಮಾಡಿ, ಜನರಿಲ್ಲದೆ ಲಿಫ್ಟನ್ನು ಮೇಲೆ ಕೆಳಗೆ ಓಡಿಸಿ ನೋಡುತ್ತಾನೆ. ಒಂದು ಸಣ್ಣ ಕಿರಕ್ ಸದ್ದು ಬಂದರೂ ಮತ್ತೆ ಮೊದಲಿಂದ. ಕೆಳಗೆ ಸಾಮಾನು ಹಿಡಿದು ಕಾಯುವವರು ಹಲ್ಲು ಕಡಿದರೂ ಅವನು ಕಿವಿಗೆ ಹಾಕಿಕೊಳ್ಳುವುದಿಲ್ಲ. "ಪರೀಕ್ಷೆ ಮುಗೀದೆ ಒಬ್ಬರನ್ನೂ ಹತ್ತಿಸಲ್ಲ" ಎಂದು ಹೇಳಿ ಟಾರ್ಚು ಹಿಡಿದು ಮತ್ತೆ ಒಳಗೆ ತೂರಿಕೊಳ್ಳುತ್ತಾನೆ. ಲಿಫ್ಟಿನ ಮಟ್ಟಿಗೆ ಇದು ದೊಡ್ಡ ಗುಣ, ನಾನು ಒಪ್ಪುತ್ತೇನೆ. ಮನೆಯೊಳಗೆ ಇದೇ ಗುಣ ಮಾಡಿದ ಅವಾಂತರವನ್ನು ಮಾತ್ರ ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ಮದುವೆಯಾದ ಹೊಸದರಲ್ಲಿ ಅವನ ಬಳಿ ಇದ್ದದ್ದು ಒಂದು ಸಾದಾ ಮರದ ಗಿಟಾರು. ಅತ್ತಿಗೆ ಶಿಶುವಿಹಾರದ ಟೀಚರು. ಮಕ್ಕಳಿಗೆ ಕಲಿಸುವ ಹಾಡುಗಳನ್ನು ಅವರೇ ಕಟ್ಟುತ್ತಿದ್ದರು. ಮಕ್ಕಳಿಗಲ್ಲದೆ ತಮಗಾಗಿಯೇ ಒಂದು ಕಟ್ಟಿಕೊಂಡಿದ್ದರು. "ಕಿಟಕಿ ತೆರೆದಿಡು, ಸಂಜೆ ಒಳಗೆ ಬರಲಿ" ಎಂದು ಅದು ಶುರುವಾಗುತ್ತದೆ. ರಾಗ ಹಾಕಿದವನು ಅಣ್ಣ. ಸಂಜೆಯಾದರೆ ಅಡುಗೆಮನೆಯಲ್ಲಿ ಅತ್ತಿಗೆ ಈರುಳ್ಳಿ ಸುಲಿಯುತ್ತಾ ಹಾಡುವುದು, ಅಣ್ಣ ಬಾಗಿಲ ಬಳಿ ಕಾಲು ಚಾಚಿ ಕೂತು ನುಡಿಸುವುದು. ಅವನು ತಪ್ಪುತ್ತಿದ್ದ, ಅವರು ನಗುತ್ತಿದ್ದರು. ಕೆಳಗೆ ನನ್ನ ಅಂಗಡಿಯಲ್ಲಿ ಕೂದಲು ಕತ್ತರಿಸಿ ಮುಗಿದರೂ ಗಿರಾಕಿಗಳು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನನ್ನ ವ್ಯಾಪಾರಕ್ಕೆ ಕಲ್ಲು ಹಾಕ್ತೀರಾ ಎಂದು ನಾನು ರೇಗುತ್ತಿದ್ದೆ. ಹಾಗೆ ರೇಗಲೂ ಒಂದು ಸುಖವಿತ್ತು.

ಆಮೇಲೆ ಕರೆಂಟಿನ ಗಿಟಾರು ಬಂತು. ಅದರ ಹಿಂದೆ ಆಂಪ್ಲಿಫೈಯರ್ ಬಂತು. ಅದರ ಹಿಂದೆ ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿಗಳು ಬಂದವು. ಅವಕ್ಕೆ ಪೆಡಲ್ ಎನ್ನುತ್ತಾರೆ. ಒಂದನ್ನು ಒತ್ತಿದರೆ ದೊಡ್ಡ ಸಭಾಂಗಣದಲ್ಲಿ ನುಡಿಸಿದ ಹಾಗೆ ಕೇಳುತ್ತದೆ, ಇನ್ನೊಂದನ್ನು ಒತ್ತಿದರೆ ಸದ್ದು ಅಲೆಅಲೆಯಾಗಿ ಬರುತ್ತದೆ, ಮತ್ತೊಂದು ಏನು ಮಾಡುತ್ತದೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಡಬ್ಬಿಗಳು ಹೆಚ್ಚಾಗಿ ನೆಲದಲ್ಲಿ ಜಾಗ ಸಾಲದಾದಾಗ ಅಣ್ಣ ಹಳೆಯ ಬಾಗಿಲೊಂದನ್ನು ತಂದು ನೆಲಕ್ಕೆ ಮಲಗಿಸಿ, ಅದರ ಮೇಲೆ ಎಲ್ಲವನ್ನೂ ಸ್ಕ್ರೂ ಹಾಕಿ ಕೂರಿಸಿದ. ಒಂದೊಂದು ವೈರಿಗೂ ನಂಬರು ಅಂಟಿಸಿದ. ಲಿಫ್ಟಿನ ಕಂಟ್ರೋಲ್ ಪ್ಯಾನೆಲ್ ಬಿಚ್ಚಿಟ್ಟ ಹಾಗೆ ಇತ್ತು ಆ ಕೋಣೆ. ಕಸ ಗುಡಿಸಲು ಹೋದವರು ಕಾಲಿಡಲು ಜಾಗ ಹುಡುಕಿ ಹಿಂದಕ್ಕೆ ಬರಬೇಕಿತ್ತು.

ಇಷ್ಟೆಲ್ಲ ಕೂಡಿಸಿದ ಮೇಲೆ ಎಲ್ಲಿಂದಲೋ ಒಂದು ಸಣ್ಣ ಗುಂಯ್ ಸದ್ದು ಶುರುವಾಯಿತು. ನಮ್ಮಂಥವರ ಕಿವಿಗೆ ಕೇಳಿಸುವಂಥದ್ದಲ್ಲ. ಅಣ್ಣನಿಗೆ ಕೇಳಿಸಿತು, ನಮ್ಮ ಗ್ರಹಚಾರ. ದಿನಾ ಸಂಜೆ ಕೈಕಾಲು ತೊಳೆದವನೇ ಕೋಣೆ ಸೇರಿ, ಒಂದೊಂದೇ ವೈರು ಕಿತ್ತು, ಒಂದೊಂದೇ ಡಬ್ಬಿ ತೆಗೆದು, ಆ ಗುಂಯ್ ಎಲ್ಲಿದೆ ಎಂದು ಹುಡುಕುವುದೇ ಕಸುಬಾಯಿತು. ಅತ್ತಿಗೆ ಒಗ್ಗರಣೆ ಇಳಿಸಿ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು.

"ಶುರು ಮಾಡೋಣ್ವಾ?"

"ಒಂದ್ನಿಮಿಷ. ಇದೊಂದು ಸರಿಯಾಗ್ಲಿ."

ಆ ಒಂದು ನಿಮಿಷ ಊಟದ ಹೊತ್ತಿನವರೆಗೂ ಎಳೆಯುತ್ತಿತ್ತು. ಅತ್ತಿಗೆ ಅಲ್ಲೇ ಕೂತಿರುತ್ತಿದ್ದರು. ಬೆಳಗಿನಿಂದ ಮಕ್ಕಳ ಹಿಂದೆ ಕೂಗಿ ಕೂಗಿ ಬಂದವರು, ಕೂತಲ್ಲೇ ತೂಕಡಿಸಿದ್ದೂ ಉಂಟು. ಬರಬರುತ್ತಾ ಅವರು ಶಾಲೆಗೆ ಒಂದು ಪುಟ್ಟ ಗಂಟೆ ತೆಗೆದುಕೊಂಡು ಹೋಗಲು ಶುರು ಮಾಡಿದರು. ಮಕ್ಕಳನ್ನು ಕೂಗುವ ಬದಲು ಗಂಟೆ ಅಲ್ಲಾಡಿಸುವುದು. ನಾನು ಅದನ್ನು ಕಂಡಿದ್ದೆ, ಏಕೆಂದು ಕೇಳಿರಲಿಲ್ಲ.

ಹೆಂಡತಿ ತೂಕಡಿಸುವುದನ್ನು ಕಂಡು ಅಣ್ಣನಿಗೆ ಪಾಪ ಎನಿಸಿತು. ಅಲ್ಲೇ ಎಡವಟ್ಟಾದದ್ದು. ಹಾಡಿದ್ದನ್ನು ಹಿಡಿದಿಟ್ಟುಕೊಂಡು ಅದನ್ನೇ ಮತ್ತೆ ಮತ್ತೆ ಒಪ್ಪಿಸುವ ಒಂದು ಡಬ್ಬಿ ಕೊಂಡು ತಂದ. ಅತ್ತಿಗೆಯ ಕೈಯಲ್ಲಿ ಮೊದಲ ಸಾಲು ಹಾಡಿಸಿ ಅದರಲ್ಲಿ ತುಂಬಿಸಿದ. "ಇನ್ಮೇಲೆ ನೀನು ಕಾಯ್ತಾ ಕೂರ್ಬೇಕಾಗಿಲ್ಲ. ಇದನ್ನ ಹಾಕ್ಕೊಂಡು ನಾನು ಎಲ್ಲ ಹೊಂದಿಸಿಡ್ತೀನಿ. ಪೂರ್ತಿ ಸರಿಯಾದ್ಮೇಲೆ ನಿನ್ನ ಕರೀತೀನಿ" ಎಂದ. ನನಗೂ ಬಹಳ ಹೆಮ್ಮೆಯಿಂದ ವಿವರಿಸಿದ. "ಲಿಫ್ಟಲ್ಲಿ ಜನರ ಬದಲು ತೂಕದ ಕಲ್ಲು ಇಡ್ತೀವಲ್ಲ, ಹಾಗೆ."

ನಾನೂ ಪೆದ್ದಿಯ ಹಾಗೆ ತಲೆಯಾಡಿಸಿದೆ.

ಅಲ್ಲಿಂದ ಮುಂದೆ ವರ್ಷಗಟ್ಟಲೆ ನಮ್ಮ ಮನೆಯ ಸಂಜೆಗಳೆಲ್ಲ ಆ ಒಂದೇ ಸಾಲಿನಲ್ಲಿ ಕಳೆದವು. ಕಿಟಕಿ ತೆರೆದಿಡು, ಸಂಜೆ ಒಳಗೆ ಬರಲಿ. ಕಿಟಕಿ ತೆರೆದಿಡು, ಸಂಜೆ ಒಳಗೆ ಬರಲಿ. ನನ್ನ ಗಿರಾಕಿಗಳಿಗೆಲ್ಲ ಬಾಯಿಪಾಠವಾಯಿತು. ಗಡ್ಡಕ್ಕೆ ಬಣ್ಣ ಹಚ್ಚಿಸಿಕೊಳ್ಳಲು ಬರುವ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದಾರೆ. ಅವರು ಒಂದು ದಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಕೇಳಿದರು.

"ಅಲ್ಲಮ್ಮಾ, ಆ ಕಿಟಕಿ ತೆಗೆದು ಎಷ್ಟು ಕಾಲ ಆಯ್ತು? ಸಂಜೆ ಒಳಗೆ ಬಂತೋ ಇಲ್ವೋ? ಈ ಹಾಡು ಮುಂದಕ್ಕೇ ಹೋಗಲ್ವಾ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಮೈ ಉರಿಯಿತು. ಮೇಷ್ಟ್ರನ್ನು ಅರ್ಧ ಬಣ್ಣದ ಗಡ್ಡದಲ್ಲೇ ಕೂರಿಸಿ ದಡದಡನೆ ಮೆಟ್ಟಿಲು ಹತ್ತಿದೆ. ಇವತ್ತು ಅವನ ಗ್ರಹಚಾರ ಬಿಡಿಸಿಯೇ ಬಿಡುತ್ತೇನೆ ಎಂದುಕೊಂಡೇ ಹೋದೆ.

ಕೋಣೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಆಗಷ್ಟೇ ಹೊರಗಿನಿಂದ ಬಂದಿದ್ದರು, ಹೆಗಲಿನ ಬ್ಯಾಗು ಹಾಗೇ ಇತ್ತು. ಅಣ್ಣ ನೆಲದ ಮೇಲೆ ಮಂಡಿಯೂರಿ, ಒಂದು ಕಿವಿಯನ್ನು ಆಂಪಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಡಬ್ಬಿಯಿಂದ ಅತ್ತಿಗೆಯ ದನಿ ಅದೇ ಸಾಲನ್ನು ಹೇಳುತ್ತಿತ್ತು.

"ರೀ, ಇವತ್ತು ಒಂದು ವಿಷಯ..." ಎಂದು ಅತ್ತಿಗೆ ಬಾಯಿ ತೆರೆದರು.

ಅಣ್ಣ ಕಣ್ಣು ಬಿಡಲಿಲ್ಲ. ಕೈಯೆತ್ತಿ, "ಶ್! ಒಂಚೂರು ಸುಮ್ನಿರು. ನಿನ್ನ ದನಿ ಕೇಳಿಸ್ತಾ ಇಲ್ಲ" ಎಂದ.

ಬೈಯುವುದು ಮರೆತು ನಾನು ಅತ್ತಿಗೆಯ ಕಡೆ ತಿರುಗಿದೆ. ಅತ್ತಿಗೆ ಕೂಗಾಡಲಿಲ್ಲ. ಬ್ಯಾಗನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ಅಷ್ಟರಲ್ಲಿ ತಾನು ಆಡಿದ್ದು ಅಣ್ಣನಿಗೇ ತಟ್ಟಿರಬೇಕು, ಕಣ್ಣು ಬಿಟ್ಟು ಹೆಂಡತಿಯನ್ನು ನೋಡಿದ.

"ನಾನೇನು ತೂಕದ ಕಲ್ಲೇನ್ರೀ?" ಎಂದರು ಅತ್ತಿಗೆ. "ಪರೀಕ್ಷೆ ಮುಗಿಯೋದು ಯಾವಾಗ, ಜನ ಹತ್ತೋದು ಯಾವಾಗ? ಬೇಡ ಬಿಡಿ. ನಿಮಗೆ ಆ ಡಬ್ಬೀಲಿರೋಳೇ ಸಾಕು. ನಾನಿನ್ನು ಹಾಡಲ್ಲ."

ಅಡುಗೆಮನೆಗೆ ಹೋಗಿ ಕುಕ್ಕರು ಇಟ್ಟರು. ಏನು ಹೇಳಲು ಬಂದಿದ್ದಿರಿ ಎಂದು ನಾನು ಹಿಂದೆಯೇ ಹೋಗಿ ಕೇಳಿದರೆ, "ಏನಿಲ್ಲ ಬಿಡು" ಎಂದರು. ಅತ್ತಿಗೆ ಮಾತಿಗೆ ತಪ್ಪುವ ಹೆಂಗಸಲ್ಲ. ಹಾಡಲ್ಲ ಎಂದರೆ ಹಾಡುವುದಿಲ್ಲ. ನನಗೆ ಆಗ ನಿಜಕ್ಕೂ ಹೆದರಿಕೆಯಾಯಿತು. ಜಗಳವಾಡಿದ್ದರೆ ಬೇರೆ ಮಾತಾಗಿತ್ತು.

ಮಾರನೆಯ ಸಂಜೆ ಅಣ್ಣ ಅಟ್ಟದಿಂದ ಹಳೆಯ ಮರದ ಗಿಟಾರು ಇಳಿಸಿದ. ಧೂಳು ಒರೆಸಿ, ತಂತಿ ಬದಲಾಯಿಸಿ, ಅಡುಗೆಮನೆಯ ಬಾಗಿಲಲ್ಲಿ ಮೊದಲಿನ ಹಾಗೇ ಕಾಲು ಚಾಚಿ ಕೂತ. ಹೆಂಡತಿಗೆ ಆ ಹಾಡನ್ನು ನುಡಿಸಿ ಸಮಾಧಾನ ಮಾಡುವುದು ಅವನ ಲೆಕ್ಕಾಚಾರ. ಮೊದಲ ಸಾಲು ನುಡಿಸಿದ. ಎರಡನೆಯ ಸಾಲಿಗೆ ಬಂದಾಗ ಕೈ ನಿಂತುಬಿಟ್ಟಿತು. ಮತ್ತೆ ಮೊದಲಿಂದ ಬಂದ, ಮತ್ತೆ ಅಲ್ಲೇ ನಿಂತ. ತಾನೇ ಹಾಕಿದ ರಾಗ, ಮುಂದಕ್ಕೆ ಬೆರಳು ಓಡಲಿಲ್ಲ. ತಂತಿ ಒತ್ತಿ ಒತ್ತಿ ಗಟ್ಟಿಯಾಗಿದ್ದ ಬೆರಳ ತುದಿಗಳು ಮೆತ್ತಗಾಗಿ ಉರಿಯುತ್ತಿದ್ದವು. ಅತ್ತಿಗೆ ತಿರುಗಿ ನೋಡದೆ ಪಾತ್ರೆ ತೊಳೆಯುತ್ತಿದ್ದರು. ಅವನು ಎದ್ದು ನನ್ನ ಅಂಗಡಿಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕುಸಿದ.

"ಮರೆತು ಹೋಗಿದೆ ಕಣೇ" ಎಂದ. "ಇಷ್ಟು ವರ್ಷ ದಿನಾ ಆ ಕೋಣೇಲಿ ಕೂತಿದ್ದೆ. ನುಡಿಸಿದ್ದು ಮಾತ್ರ ಇಲ್ಲ."

ಬೈಯಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಅವನ ಮುಖ ನೋಡಿ ನನಗೆ ಅಳು ಬಂತು. ಸುಮ್ಮನೆ ಅವನ ಕತ್ತಿಗೆ ಬಟ್ಟೆ ಕಟ್ಟಿ ಕೂದಲು ಕತ್ತರಿಸಿದೆ. ನನಗೆ ಬರುವ ಉಪಚಾರ ಅದೊಂದೇ.

ಆ ವಾರವೇ ಅವನು ನೆಲಕ್ಕೆ ಮಲಗಿಸಿದ್ದ ಆ ಹಳೆಯ ಬಾಗಿಲ ಮೇಲಿನ ಸ್ಕ್ರೂಗಳನ್ನೆಲ್ಲ ಬಿಚ್ಚಿದ. ಸಭೆ ಸಮಾರಂಭಗಳಿಗೆ ಮೈಕು ಒದಗಿಸುವ ಪರಿಚಯದವನೊಬ್ಬ ವ್ಯಾನು ತಂದು ಆಂಪು, ಕರೆಂಟಿನ ಗಿಟಾರು, ಡಬ್ಬಿಗಳು ಎಲ್ಲವನ್ನೂ ಹೇರಿಕೊಂಡ. ಮೆಟ್ಟಿಲು ಇಳಿಸುವಾಗ ಅಣ್ಣನ ಕಣ್ಣು ಒಂದೊಂದು ಡಬ್ಬಿಯ ಹಿಂದೆಯೂ ಹೋಗುತ್ತಿತ್ತು. ಅಷ್ಟು ಪ್ರೀತಿಯಿಂದ ಕೂಡಿಸಿದ್ದವು. ಒಂದನ್ನು ಮಾತ್ರ ಅವನು ಕೊಡಲಿಲ್ಲ. ಹಾಡು ಹಿಡಿದಿಡುವ ಆ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ.

"ಅದೊಂದ್ಯಾಕೆ ಉಳಿಸ್ಕೊಂಡ್ರಿ?" ಎಂದರು ಅತ್ತಿಗೆ.

"ಇದರಲ್ಲಿ ನೀನಿದೀಯ."

"ನಾನು ಇಲ್ಲಿದೀನಿ" ಎಂದು ಹೇಳಿ ಅತ್ತಿಗೆ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಟೆರೇಸಿಗೆ ಹೋದರು. ಅಣ್ಣ ಕೆಳಗಿಳಿದು ಹೋಗಿ ಅದನ್ನೂ ವ್ಯಾನಿಗೆ ಹಾಕಿ ಬಂದ.

ಹೀಗೆ ಎಲ್ಲವನ್ನೂ ಬಿಟ್ಟುಕೊಟ್ಟ ಕೂಡಲೇ ಅತ್ತಿಗೆ ಕರಗಿ ಹಾಡಿಬಿಟ್ಟರು ಎಂದು ಹೇಳಬಹುದಿತ್ತು, ಹಾಗಾಗಲಿಲ್ಲ. ಅಣ್ಣ ದಿನಾ ಅಡುಗೆಮನೆಯ ಬಾಗಿಲಲ್ಲಿ ಕೂತು ನುಡಿಸಿದ. ಬರೀ ತಪ್ಪು. ಬೆರಳಿಗೆ ಪ್ಲಾಸ್ಟರು ಸುತ್ತಿಕೊಂಡು ನುಡಿಸಿದ. ರಾಗ ತುಂಡು ತುಂಡಾಗಿ ನೆನಪಾಗುತ್ತಾ ಬಂತು. ಡಬ್ಬಿಗಳಿದ್ದಾಗ ಒಂದು ವರ್ಷದಲ್ಲಿ ನುಡಿಸದಷ್ಟನ್ನು ಈಗ ಒಂದು ವಾರದಲ್ಲಿ ನುಡಿಸುತ್ತಿದ್ದ. ಕೆಳಗೆ ಮೇಷ್ಟ್ರು, "ಸದ್ಯ, ಮುಂದಕ್ಕೆ ಹೋಯ್ತಲ್ಲಮ್ಮಾ" ಎಂದರು. ಆದರೆ ಹಾಡುವ ದನಿ ಇರಲಿಲ್ಲ. ಅತ್ತಿಗೆ ಅಲ್ಲೇ ಇರುತ್ತಿದ್ದರು, ಕೇಳುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಅಣ್ಣನೂ ಹಾಡು ಎಂದು ಕೇಳಲಿಲ್ಲ. ಕೇಳುವ ಮುಖ ತನಗಿಲ್ಲ ಎಂದು ನನ್ನೊಡನೆ ಹೇಳಿದ್ದ.

ಅಂಗಡಿಗೆ ರಜೆಯ ಒಂದು ಮಧ್ಯಾಹ್ನ ನಾನು ಅತ್ತಿಗೆಯ ಕೂದಲು ಕತ್ತರಿಸಲು ಮೇಲೆ ಹೋದೆ. ಅಡುಗೆಮನೆಯ ಸ್ಟೂಲಿನ ಮೇಲೆ ಅವರನ್ನು ಕೂರಿಸಿ ಕತ್ತಿಗೆ ಬಟ್ಟೆ ಕಟ್ಟಿದೆ. ಅಣ್ಣ ತನ್ನ ಜಾಗದಲ್ಲಿ ಕೂತು ಅದೇ ಹಾಡು ನುಡಿಸುತ್ತಿದ್ದ. ಈ ಸಲ ಎಲ್ಲೂ ನಿಲ್ಲದೆ ಕೊನೆಯವರೆಗೂ ಬಂದ. ನಾನು ಹೂಂ ಎಂದೆ. ಅತ್ತಿಗೆ ತಲೆ ಬಗ್ಗಿಸಿಕೊಂಡೇ ಇದ್ದರು. ನಾನು ಬಾಚಣಿಗೆ ಇಟ್ಟು ಅವರ ಗಲ್ಲ ಎತ್ತುವಾಗ ನೋಡಿದರೆ ಕಣ್ಣು ತುಂಬಿತ್ತು.

"ಶ್ರುತಿ ಇಳಿಸಿ" ಎಂದರು.

ಅಣ್ಣನಿಗೆ ಅರ್ಥವಾಗಲಿಲ್ಲ. "ಏನು?"

"ಅಷ್ಟು ಮೇಲೆ ನನ್ನ ಗಂಟಲು ಈಗ ಹೋಗಲ್ಲ ಕಣ್ರೀ. ಹೋಗದೆ ಎಷ್ಟೋ ದಿನ ಆಯ್ತು. ಆ ಡಬ್ಬೀಲಿರೋ ದನಿ ಈಗ ನನ್ನ ಹತ್ರ ಇಲ್ಲ. ಡಾಕ್ಟರಿಗೆ ತೋರಿಸಿದ್ದೆ. ಭಯ ಏನಿಲ್ವಂತೆ, ಆದ್ರೆ ಅದು ತಿರುಗಿ ಬರಲ್ವಂತೆ. ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ."

ನನ್ನ ಕತ್ತರಿ ನಿಂತಿತು. ಶಾಲೆಯ ಗಂಟೆ ನೆನಪಾಗಿ ನನ್ನ ಮೇಲೇ ನನಗೆ ಸಿಟ್ಟು ಬಂತು. ಅಣ್ಣ ಬಗ್ಗಿ ಗಿಟಾರಿನ ಬಿರಡೆಗಳನ್ನು ಒಂದೊಂದಾಗಿ ಸಡಿಲಿಸಿದ.

"ಇಷ್ಟು ಸಾಕಾ?"

ಅತ್ತಿಗೆ ಬಾಯಿ ಮುಚ್ಚಿಕೊಂಡೇ ಒಂದು ಸ್ವರ ಹಿಡಿದು ನೋಡಿದರು. "ಇನ್ನೂ ಸ್ವಲ್ಪ."

"ಈಗ?"

"ಇನ್ನೊಂಚೂರು."

ಅವನು ಇಳಿಸುತ್ತಲೇ ಹೋದ. ಹೆಂಡತಿಯ ದನಿ ಎಲ್ಲಿದೆ ಎಂದು ಎಷ್ಟೋ ವರ್ಷದ ಮೇಲೆ ಅವರನ್ನೇ ಕೇಳಿ ಕೇಳಿ ಹುಡುಕುತ್ತಿದ್ದ. ಕೊನೆಗೆ ಅತ್ತಿಗೆ, "ಹಾಂ, ಇಲ್ಲಿ" ಎಂದರು. ಕತ್ತಿನ ಸುತ್ತ ಬಟ್ಟೆ, ಅರ್ಧ ಕತ್ತರಿಸಿದ ಕೂದಲು, ಹಾಗೇ ಕೂತು ಹಾಡಿದರು. ದನಿ ದಪ್ಪಗಾಗಿತ್ತು, ಅಂಚಿನಲ್ಲಿ ಸ್ವಲ್ಪ ಒಡೆಯುತ್ತಿತ್ತು. ಡಬ್ಬಿಯಲ್ಲಿದ್ದ ದನಿಗಿಂತ ನನಗೆ ಇದೇ ಇಷ್ಟವಾಯಿತು. ಎಷ್ಟೋ ವರ್ಷ ಆ ಮನೆಯಲ್ಲಿ ಕೇಳಿಸದೆ ಉಳಿದಿದ್ದ ಎರಡನೆಯ ಸಾಲು ಬಂತು. "ಬಂದವಳು ಕೂರಲಿ, ದೀಪ ಆಮೇಲಿರಲಿ."

ಅಷ್ಟು ಕೆಳಗೆ ಇಳಿಸಿದ್ದರಿಂದ ದಪ್ಪ ತಂತಿ ಸಡಿಲವಾಗಿ, ಮುಟ್ಟಿದಾಗಲೆಲ್ಲ ಗುಂಯ್ ಎನ್ನುತ್ತಿತ್ತು. ಈ ಸಲ ನನ್ನ ಕಿವಿಗೂ ಕೇಳಿಸಿತು. ಅಣ್ಣನಿಗೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ. ಅವನು ಹೆಂಡತಿಯ ಮುಖ ನೋಡುತ್ತಾ ನುಡಿಸುತ್ತಲೇ ಇದ್ದ.